ಹಿಂದೆ ಮಾತ್ರ ಅಗಲವಾದರೆ ಸಾಕೆ?

ಡೆಟ್ರಾಯಿಟ್‌ನಲ್ಲಿರುವ ನನ್ನ ಅಕ್ಕನ ಮಗ ಕೊಂಡದ್ದು 2015ರ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್. ಅಮೆರಿಕದವರು ಮಸಲ್ ಕಾರು ಎನ್ನುವ ಜಾತಿಯದು, 707 ಅಶ್ವಶಕ್ತಿ. ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರಗಳು ನಿಂತಲ್ಲೇ ಗಿರ್ರೆನ್ನುತ್ತವೆ. ಅದಕ್ಕೆ ಅವನು ಕಂಡುಕೊಂಡ ಮದ್ದು: ಹಿಂದಕ್ಕೆ ಮಾತ್ರ 11 ಇಂಚಿನ ಚಕ್ರ, 305 ಮಿಲಿಮೀಟರ್ ಅಗಲದ ಟೈರು. ಮುಂದೆ ಕಂಪನಿ ಕೊಟ್ಟ 275 ಹಾಗೆಯೇ.

"ಅಗಲವಾದಷ್ಟೂ ಹಿಡಿತ, ಮಾವ" ಎಂದ.

ಇದು ಅರ್ಧ ಸತ್ಯ. ಟೈರು ನೆಲಕ್ಕೆ ತಾಗುವ ಜಾಗವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಟೈರು ಅಗಲವಾದರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ, ಅಷ್ಟೆ. ಹಿಡಿತದಲ್ಲಿ ರಬ್ಬರಿನ ಗುಣದ ಪಾಲು ದೊಡ್ಡದು. ಹೋಗಲಿ, ಹಿಂದೆ ಹಿಡಿತ ಹೆಚ್ಚಿತೆಂದೇ ಇಟ್ಟುಕೊಳ್ಳೋಣ. ಮುಂದೆ? ಮೊದಲೇ ಮೂತಿ ಭಾರದ ಕಾರು. ತಿರುವಿನಲ್ಲಿ ಹಿಂಭಾಗ ಕಚ್ಚಿ ಹಿಡಿದರೆ ಮುಂಭಾಗ ಹೊರಕ್ಕೆ ಜಾರುತ್ತದೆ.

ಒಂದು ಸಂಜೆ ಮಳೆಯಲ್ಲಿ ಅವನ ಪಕ್ಕದಲ್ಲಿ ಕೂತಿದ್ದೆ. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ತಡೆಗೋಡೆಗೆ ಒಂದು ಮೊಳ ಉಳಿದಾಗ ನಿಂತಿತು. ವೇಗದ ತಪ್ಪೂ ಇತ್ತು, ಇಲ್ಲವೆನ್ನಲಾರೆ. ಹಾಸನದಲ್ಲಿರುವ ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ.

2018ರ ಮಾದರಿಯಲ್ಲಿ ಡಾಡ್ಜ್ ತಾನೇ ಈ ಕಾರಿಗೆ 305ರ ಟೈರು ಹಾಕಿತು, ನಾಲ್ಕೂ ಚಕ್ರಕ್ಕೆ. ಮಾಡಿದವರಿಗೆ ತಿಳಿದ ಲೆಕ್ಕ ಕೊಂಡವನಿಗೆ ಬೇಡವೇ? ಅಷ್ಟು ದುಡ್ಡಿಲ್ಲದಿದ್ದರೆ ಹಳೆಯ ಅಳತೆಯಲ್ಲೇ ಒಳ್ಳೆಯ ರಬ್ಬರಿನ ನಾಲ್ಕು ಟೈರು ಕೊಳ್ಳಲಿ. ಹಿಂದಿನಿಂದ ನೋಡುವವರು ಮೆಚ್ಚದಿದ್ದರೆ ಬೇಡ. ಮುಂದೆ ಕೂತವರು ಮನೆಗೆ ಬಂದರೆ ಸಾಕು.