ಹೆದರಿಸುವ ಚಿತ್ರಗಳು

ಆಷಾಢದ ಜಡಿಮಳೆಯ ಒಂದು ರಾತ್ರಿ ರವೀಂದ್ರನಗರದ ನಮ್ಮ ಮನೆಯ ನಡುಮನೆಯಲ್ಲಿ ಮಕ್ಕಳೆಲ್ಲರೂ ಕಂಬಳಿ ಹೊದ್ದು ಕುಳಿತು ದೂರದರ್ಶನದಲ್ಲಿ ‘ಆಪ್ತಮಿತ್ರ’ವನ್ನು ನೋಡುತ್ತಿದ್ದರು. ನಾವು ಪಂಚಾಂಗವನ್ನು ತಿರುವುತ್ತಿರುವಂತೆ ನಟಿಸಿದೆವಾದರೂ ಕಣ್ಣು ಅತ್ತಲೇ ಇದ್ದಿತು. ಚಿತ್ರವು ಮುಗಿದೊಡನೆ ಮೊಮ್ಮಗಳು, “ಅಜ್ಜ, ಹೆದರಿಕೆಗಿಂತ ನನಗೆ ಅಳುವೇ ಹೆಚ್ಚಾಗಿ ಬಂತು” ಎಂದಳು. ಅವಳ ಮಾತಿನಲ್ಲಿ ವಿಮರ್ಶೆಯ ಒಂದು ದೊಡ್ಡ ಸೂತ್ರವೇ ಅಡಗಿರುವಂತೆ ನಮಗೆ ತೋರಿತು.

ಭರತಮುನಿಯು ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ವಿಕಾರವಾದ ಧ್ವನಿ, ಭೂತದರ್ಶನ, ನರಿ ಗೂಬೆಗಳ ಕೂಗು, ಪಾಳುಮನೆ, ಅಡವಿ ಇವುಗಳನ್ನು ಹೇಳಿ, ಕಡೆಯಲ್ಲಿ ನಮ್ಮವರ ವಧೆ ಬಂಧನಗಳನ್ನು ಕಾಣುವುದು ಕೇಳುವುದು ಎಂಬುದನ್ನೂ ಸೇರಿಸಿರುವನು. ನಮ್ಮ ಚಿತ್ರಕಾರರಲ್ಲಿ ಅನೇಕರು ಪಟ್ಟಿಯ ಮೊದಲ ಭಾಗವನ್ನು ಕಂಠಪಾಠ ಮಾಡಿ ಕಡೆಯ ಮಾತನ್ನು ಮರೆತಂತಿದೆ. ಬಾಗಿಲು ಕಿರುಗುಟ್ಟುವುದು, ದೀಪ ಆರುವುದು, ಒಮ್ಮೆಲೇ ವಾದ್ಯಗಳೆಲ್ಲ ಅಬ್ಬರಿಸುವುದು! ಇದರಿಂದ ಮೈ ಬೆಚ್ಚುವುದು ನಿಜ. ಆದರೆ ಬಿ.ಹೆಚ್. ರಸ್ತೆಯಲ್ಲಿ ಬೆನ್ನ ಹಿಂದೆ ಲಾರಿಯವನು ಹಾರನ್ನು ಒತ್ತಿದರೂ ಮೈ ಬೆಚ್ಚುವುದು. ಅದನ್ನು ಯಾರೂ ರಸವೆಂದು ಕರೆಯರು. ಪರದೆಯ ಮೇಲೆ ‘ನಮ್ಮವರು’ ಎಂದು ಅನ್ನಿಸುವಂಥ ಒಬ್ಬರು ಇದ್ದು, ಅವರಿಗೇನಾಗುವುದೋ ಎಂದು ನಾವು ತಳಮಳಿಸಬೇಕು.

1993ರಲ್ಲಿ ಮಲಯಾಳದಲ್ಲಿ ಬಂದ ‘ಮಣಿಚಿತ್ರತ್ತಾಳ್’ ಚಿತ್ರವನ್ನು ಪಿ. ವಾಸು ಅವರು 2004ರಲ್ಲಿ ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ ತಂದರು. ಅದರಲ್ಲಿ ತುರುಕಿದ ಹಾಸ್ಯ ಕೆಲವೆಡೆ ನಮಗೆ ರುಚಿಸಲಿಲ್ಲ. ಆದರೂ ಸೌಂದರ್ಯ ಅವರ ಗಂಗೆಯು ಮೊದಲು ನಗುನಗುತ್ತಿರುವ ಗೃಹಿಣಿಯಾಗಿ ನಮ್ಮ ಮನಸ್ಸನ್ನು ಹೊಕ್ಕು, ಅನಂತರವೇ ನಾಗವಲ್ಲಿಯಾಗಿ ಬದಲಾಗುವಳು. ಆ ನಟಿಯು ಚಿತ್ರದ ಬಿಡುಗಡೆಗೆ ಮುಂಚೆ, ಅದೇ ಏಪ್ರಿಲ್‌ನಲ್ಲಿ, ವಿಮಾನಾಪಘಾತದಲ್ಲಿ ತೀರಿಕೊಂಡರೆಂಬುದನ್ನು ನೆನೆದಾಗ ನೋಡುವವರ ಎದೆ ಇನ್ನಷ್ಟು ಭಾರವಾಗುವುದು. ಹಿಚ್‌ಕಾಕ್ ಮಹಾಶಯರ ‘ಸೈಕೋ’ (1960) ಚಿತ್ರದ ಕೊನೆಯಲ್ಲಿ ವೈದ್ಯನೊಬ್ಬನು ದೀರ್ಘವಾಗಿ ಪಾಠ ಹೇಳುವುದರಿಂದ ಕಾವು ಆರಿಹೋಗುವುದು. ನಾವು ಮೇಷ್ಟರಾಗಿದ್ದರೂ ಆ ಪಾಠ ನಮಗೆ ಹಿಡಿಸಲಿಲ್ಲ. ‘ಆಪ್ತಮಿತ್ರ’ದಲ್ಲಾದರೋ, ರೋಗವಿಂಥದೆಂದು ತಿಳಿದ ಮೇಲೂ ಚಿಕಿತ್ಸೆ ಫಲಿಸುವುದೋ ಇಲ್ಲವೋ ಎಂಬ ಆತಂಕ ಉಳಿಯುವುದು.

ಅದರ ಕೊರತೆಯೊಂದನ್ನೂ ಹೇಳಬೇಕು. ನಿಜವಾದ ಮನೋವ್ಯಾಧಿಯು ಬಹುಮಟ್ಟಿಗೆ ಕತ್ತಿ ಹಿಡಿದು ಕುಣಿಯುವುದಿಲ್ಲ. ಮೂಲೆಯಲ್ಲಿ ಮೌನವಾಗಿ ಕುಳಿತಿರುವುದು. ಇದನ್ನು ಬಲ್ಲ ಚಿತ್ರವೆಂದರೆ ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಅವರು 1971ರಲ್ಲಿ ತೆಗೆದ ‘ಶರಪಂಜರ’. ಅದು ಹೆದರಿಸಲೆಂದು ಮಾಡಿದ ಚಿತ್ರವಲ್ಲ. ಅಲ್ಲಿ ದೆವ್ವವಿಲ್ಲ, ಪಾಳುಮನೆಯಿಲ್ಲ. ಕಲ್ಪನಾ ಅವರ ಕಾವೇರಿಯು ಗುಣಹೊಂದಿ ಮನೆಗೆ ಬರುವಳು. ಅವಳು ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಗಂಡನ ಮನಸ್ಸೂ ಬೇರೆಡೆಗೆ ಹೋಗಿರುವುದು. ಅವಳು ಮತ್ತೆ ಮುರಿದುಬೀಳುವಳೆಂದು ತಿಳಿದೂ ತಡೆಯಲಾರದೆ ನೋಡುವ ನಮಗೆ ಆಗುವ ಭಯವು ಯಾವ ಪಿಶಾಚಿಯಿಂದಲೂ ಆಗದು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಸೊಸೆಯೊಬ್ಬಳು ಚಿಕಿತ್ಸೆ ಮುಗಿಸಿಕೊಂಡು ಬಂದಳು. ಹುಡುಗರು ಅವಳನ್ನು ಕಂಡು “ನಾಗವಲ್ಲಿ” ಎಂದು ಕೂಗಿ ಓಡಿದರು. ನಾವು ಕಿಟಕಿಯಲ್ಲಿದ್ದೆವು. ಗದರಿಸಬಹುದಾಗಿತ್ತು, ಆದರೆ ಅವಳು ತಲೆಯೆತ್ತಿ ನೋಡಿದಾಗ, ನಲವತ್ತು ವರ್ಷ ಹುಡುಗರನ್ನು ಗದರಿಸಿದ್ದ ನಾವು ಮಾತಿಲ್ಲದೆ ಪರದೆಯನ್ನು ಎಳೆದುಕೊಂಡೆವು.

ಆ ರಾತ್ರಿ ಮೊಮ್ಮಗಳ ಮಾತನ್ನು ಕೇಳಿ ನಮಗೆ ನೆನಪಾದುದು ಆ ಕಿಟಕಿ. ಮರುದಿನ ಮುಂಜಾನೆ ಹಿತ್ತಲಿನ ಒಂದು ಬೊಗಸೆ ಡೇರೆ ಹೂವನ್ನು ಬಾಳೆಲೆಯಲ್ಲಿ ಕಟ್ಟಿ, ಮಗುವನ್ನು ಜೊತೆಗೆ ಕರೆದುಕೊಂಡು, ಛತ್ರಿ ಹಿಡಿದು ಆ ಮನೆಗೆ ಹೋದೆವು. ಬಾಗಿಲು ತೆರೆದವಳು ಅವಳೇ.