ಇನ್ನೂರು ರೂಪಾಯಿಯ ದಂಡ

ಕೇಂದ್ರ ಸರ್ಕಾರದ ನೌಕರಿಗೆ ಆಯ್ಕೆಯಾದವರು ತುಂಬಬೇಕಾದ ದೃಢೀಕರಣ ನಮೂನೆಯೊಂದಿದೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ? ಮೊಕದ್ದಮೆ ಹೂಡಲಾಗಿತ್ತೇ? ನ್ಯಾಯಾಲಯ ನಿಮಗೆ ದಂಡ ವಿಧಿಸಿತ್ತೇ? ಸುಳ್ಳು ಹೇಳಿದರೆ ನೌಕರಿಗೆ ಅನರ್ಹರಾಗುತ್ತೀರಿ ಎಂಬ ಎಚ್ಚರಿಕೆ ಮೇಲ್ಗಡೆಯೇ ಇದೆ. ಆ 'ಎಂದಾದರೂ' ಎನ್ನುವ ಪದದ ಮುಂದೆ ನಾನು ಕಳೆದ ತಿಂಗಳು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ.

ನನಗಾಗ ಇಪ್ಪತ್ತು ವರ್ಷ. ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ಬಂದಿರಲಿಲ್ಲ. ನಾವು ಹದಿನಾಲ್ಕು ಮಂದಿ ಕಾಲೇಜಿನೆದುರು ರಸ್ತೆಯಲ್ಲಿ ಕೂತೆವು. ಐಪಿಸಿ 290, ಸಾರ್ವಜನಿಕ ಉಪದ್ರವ. ಗರಿಷ್ಠ ಶಿಕ್ಷೆ 200 ರೂಪಾಯಿ ದಂಡ. (ಈಗಿನ ನ್ಯಾಯ ಸಂಹಿತೆಯಲ್ಲಿ ಅದು 1000ಕ್ಕೆ ಏರಿದೆ.) ಕೋರ್ಟಿನ ಜಗಲಿಯಲ್ಲಿ ಪೇದೆಯೊಬ್ಬರು, "ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟಿ ಹೋಗ್ರಪ್ಪಾ, ಅಲ್ಲಿಗೆ ಮುಗೀತು" ಅಂದರು. ಒಳ್ಳೆಯ ಮನುಷ್ಯ, ನಮಗೆಲ್ಲ ಟೀ ಕುಡಿಸಿದ್ದರು. ಆದರೆ ಮುಗಿದಿರಲಿಲ್ಲ. ಹಾಗೆ ಒಪ್ಪಿಕೊಂಡು ದಂಡ ಕಟ್ಟುವುದೆಂದರೆ ಕಾನೂನಿನ ಲೆಕ್ಕದಲ್ಲಿ ದೋಷಿ ಎನಿಸಿಕೊಳ್ಳುವುದು. 1958ರ ಪ್ರೊಬೇಷನ್ ಕಾಯ್ದೆಯಡಿ ಇಂಥ ಸಣ್ಣ ಅಪರಾಧಕ್ಕೆ ಬರೀ ಎಚ್ಚರಿಕೆ ಕೊಟ್ಟು ಬಿಡಬಹುದು, ಹಾಗೆ ಬಿಟ್ಟವರಿಗೆ ದೋಷಿಯಾದದ್ದರ ಅನರ್ಹತೆ ತಟ್ಟುವುದಿಲ್ಲ ಎಂದು 12ನೇ ಸೆಕ್ಷನ್ ಹೇಳುತ್ತದೆ. ಇದನ್ನು ನಮಗೆ ಹೇಳುವವರು ಆ ಜಗಲಿಯಲ್ಲಿ ಯಾರೂ ಇರಲಿಲ್ಲ.

ನಾನು ಕಾನೂನಿನವನಲ್ಲ, ಕಾದಂಬರಿಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವನು. ಆ ನಮೂನೆಯೇ ನನ್ನಿಂದ ಕಾಯ್ದೆ ಓದಿಸಿತು. ಓದಿದಷ್ಟೂ ಸಿಟ್ಟು ಬಂತು.

2013ರ ಕಂಪನಿ ಕಾಯ್ದೆಯನ್ನೇ ನೋಡಿ. ಶಿಕ್ಷೆಯಾದವನು ನಿರ್ದೇಶಕನಾಗಲು ಅನರ್ಹ ಎನ್ನಬೇಕಾದರೆ ಕನಿಷ್ಠ 6 ತಿಂಗಳ ಜೈಲು ಶಿಕ್ಷೆಯಾಗಿರಬೇಕು. ಶಿಕ್ಷೆ ಮುಗಿದು 5 ವರ್ಷವಾದರೆ ಆ ಅನರ್ಹತೆಯೂ ಕಳೆಯುತ್ತದೆ. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರಿಗೆ ಮಾತ್ರ ಶಾಶ್ವತ. ಈಗಾಗಲೇ ಕುರ್ಚಿಯಲ್ಲಿದ್ದವನಿಗೆ ಇನ್ನೂ ಅನುಕೂಲ. ಶಿಕ್ಷೆಯಾದ ಮೇಲೂ 30 ದಿನ ಕಾಲಾವಕಾಶ, ಅಷ್ಟರೊಳಗೆ ಮೇಲ್ಮನವಿ ಹಾಕಿದರೆ ಅದು ತೀರ್ಮಾನವಾಗಿ 7 ದಿನ ಕಳೆಯುವವರೆಗೂ ಸ್ಥಾನ ತೆರವಾಗುವುದಿಲ್ಲ. ಅದಕ್ಕೂ ಮೊದಲೇ ರಾಜೀನಾಮೆ ಕೊಟ್ಟು ಮರ್ಯಾದೆಯಿಂದ ಎದ್ದುಹೋಗುವ ದಾರಿ ಇದ್ದೇ ಇದೆ. ವಕೀಲರ ಕಾಯ್ದೆಯೂ ನೈತಿಕ ಅಧಃಪತನದ ಅಪರಾಧಕ್ಕಷ್ಟೇ ಸನ್ನದು ತಡೆಯುತ್ತದೆ, ಬಿಡುಗಡೆಯಾಗಿ 2 ವರ್ಷವಾದರೆ ಆ ತಡೆಯೂ ಇಲ್ಲ. ಶಾಸಕರ ಅನರ್ಹತೆಗೂ ಸಾಮಾನ್ಯವಾಗಿ 2 ವರ್ಷದ ಜೈಲು ಶಿಕ್ಷೆಯೇ ಮಿತಿ.

ಗುಮಾಸ್ತನಾಗಲು ಹೊರಟವನ ನಮೂನೆಯಲ್ಲಿ ಮಾತ್ರ ಕೆಳಮಿತಿಯೂ ಇಲ್ಲ, ಕೊನೆಯ ದಿನಾಂಕವೂ ಇಲ್ಲ. ಸಾವಿರಾರು ಜನರ ದುಡ್ಡು ಕೈಯಲ್ಲಿರುವವನನ್ನು ಕಾನೂನು 'ಎಷ್ಟು ಶಿಕ್ಷೆಯಾಯಿತು, ಎಂದು ಮುಗಿಯಿತು' ಎಂದು ಕೇಳುತ್ತದೆ. ಕಡತ ಜೋಡಿಸುವವನನ್ನು 'ಎಂದಾದರೂ' ಎಂದು ಕೇಳುತ್ತದೆ. ಇದನ್ನು ಚಾರಿತ್ರ್ಯ ಪರಿಶೀಲನೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ನ್ಯಾಯಾಲಯಗಳು ಕಣ್ಣು ಮುಚ್ಚಿಕೊಂಡಿವೆ ಎಂದಲ್ಲ. ಹಳೆಯ ಹೊಡೆದಾಟದ ಕೇಸನ್ನು ಮುಚ್ಚಿಟ್ಟ ಹುಡುಗನೊಬ್ಬನಿಗೆ ದೆಹಲಿ ಪೊಲೀಸ್ ಇಲಾಖೆ ನೌಕರಿ ನಿರಾಕರಿಸಿದಾಗ, 2011ರಲ್ಲಿ ಸುಪ್ರೀಂ ಕೋರ್ಟ್ ಹುಡುಗನ ಪರ ನಿಂತಿತು. ಆ ತೀರ್ಪಿನಲ್ಲಿ ವಿಕ್ಟರ್ ಹ್ಯೂಗೋನ ಜೀನ್ ವಾಲ್‌ಜೀನ್ ಬರುತ್ತಾನೆ. ರೊಟ್ಟಿ ಕದ್ದವನಿಗೆ ಜೀವಮಾನವಿಡೀ ಕಳ್ಳನ ಹಣೆಪಟ್ಟಿ. ವಾಲ್‌ಜೀನ್ ಹೋದಲ್ಲೆಲ್ಲ ತೋರಿಸಬೇಕಿದ್ದ ಹಳದಿ ಪಾಸ್‌ಪೋರ್ಟ್ ನನಗೆ ಆ ತೀರ್ಪು ಓದುವಾಗ ನೆನಪಾಯಿತು. 2016ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ಮನ್ನಿಸಬಹುದು ಎಂದಿತು. ಮನ್ನಿಸಬಹುದು, ಅಷ್ಟೆ, ಮನ್ನಿಸಲೇಬೇಕೆಂದಿಲ್ಲ. ಮನ್ನಿಸದ ಅಧಿಕಾರಿಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಲು 200 ರೂಪಾಯಿ ದಂಡ ಕಟ್ಟಿದವನ ಹತ್ತಿರ ಏನಿದೆ?

'ಪೊಲೀಸ್ ಆಗುವವನ ಪೂರ್ವಾಪರ ನೋಡಬೇಡವೇ?' ಎಂದು ನನ್ನ ಮಾರ್ಗದರ್ಶಕರೇ ಕೇಳಿದರು. ನೋಡಲಿ ಸರ್. ಕೋವಿ ಹಿಡಿಯುವವನ, ಮಕ್ಕಳ ಜೊತೆ ಕೆಲಸ ಮಾಡುವವನ ಹಿಂದಿನದ್ದನ್ನು ಕೆದಕಿಯೇ ನೋಡಲಿ. ಆದರೆ ಬ್ರಿಟನ್ನಿನಲ್ಲಿ 1974ರಿಂದಲೂ ಒಂದು ಕಾಯ್ದೆಯಿದೆ. ಅದರ ಪ್ರಕಾರ ವಯಸ್ಕರಿಗೆ ವಿಧಿಸಿದ ದಂಡ ಈಗ 1 ವರ್ಷಕ್ಕೆ 'ಸಂದುಹೋಗುತ್ತದೆ'. ಆಮೇಲೆ ಸಾಮಾನ್ಯ ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನು ಹೇಳಬೇಕಿಲ್ಲ. ಸೂಕ್ಷ್ಮ ಹುದ್ದೆಗಳಿಗೆ ಬೇರೆ ನಿಯಮ. ಐಪಿಸಿಯನ್ನು ನಮಗೆ ಕೊಟ್ಟವರು ತಮಗಾಗಿ ಇದನ್ನೂ ಬರೆದುಕೊಂಡರು. ನಾವು ಸಂಹಿತೆಯ ಹೆಸರು ಬದಲಿಸಿದೆವು, ಸೆಕ್ಷನ್ನಿನ ಸಂಖ್ಯೆ ಬದಲಿಸಿದೆವು, 'ಎಂದಾದರೂ' ಮಾತ್ರ ಹಾಗೇ ಉಳಿಯಿತು.

ಆ ದಿನ ಜೊತೆಗಿದ್ದವರ ವಾಟ್ಸ್‌ಆ್ಯಪ್ ಗುಂಪು ಇನ್ನೂ ಇದೆ. ಅಲ್ಲಿ ಕೇಳಿದೆ. "ಇಲ್ಲ ಅಂತ ಬರಿ ಮಾರಾಯ, ಯಾರು ನೋಡ್ತಾರೆ?" ಎಂದ ಒಬ್ಬ. ಅವನು ಹಾಗೆ ಬರೆದೇ ಮೂರು ವರ್ಷದಿಂದ ನೌಕರಿಯಲ್ಲಿದ್ದಾನೆ. ಇಲಾಖೆಯಿಂದ ಯಾವ ಲಕೋಟೆ ಬಂದರೂ ಮೊದಲು ಎದೆ ಹೊಡೆದುಕೊಳ್ಳುತ್ತದೆ ಎಂದೂ ಅವನೇ ಆಮೇಲೆ ಫೋನು ಮಾಡಿ ಹೇಳಿದ.

ನಾನು 'ಹೌದು' ಎಂದು ಬರೆದೆ. ವಿವರಕ್ಕೆಂದು ಬಿಟ್ಟಿದ್ದ ಜಾಗ ಒಂದೂವರೆ ಸಾಲು.