ಒಡೆಯರಪಾಳ್ಯಕ್ಕೆ ಎಷ್ಟು ದೂರ?

ಪರೀಕ್ಷೆಯಲ್ಲಿ ಫೇಲಾದ ಹುಡುಗ ಊಟ ಬಿಟ್ಟು ಮಲಗಿದರೆ ನಮ್ಮ ಸೀಮೆಯಲ್ಲಿ ಅವನಿಗೆ ಮೊದಲು ಸಿಗುವುದು ಬೈಗುಳ, ಆಮೇಲೆ ತಾಯತ. ಹೆಣ್ಣುಮಗಳು ಮಾತು ಬಿಟ್ಟರೆ ‘ಮದುವೆ ಮಾಡಿದರೆ ಸರಿಹೋಗುತ್ತಾಳೆ’ ಎನ್ನುತ್ತೇವೆ. ಡಾಕ್ಟರ ಸರದಿ ಬರುವುದು ಎಲ್ಲ ಮುಗಿದ ಮೇಲೆ. ಕೆಲವು ಮನೆಗಳಲ್ಲಿ ಆ ಸರದಿ ಬರುವುದೇ ಇಲ್ಲ. ಮರುದಿನ ಮಠದಿಂದ ಸಾಂತ್ವನ ಹೇಳಲು ಹೋಗುವವರು ನಾವೇ.

ಯುವಜನರ ಮನಸ್ಸಿಗೆ ಬಲ ಕೊಡುವ ದಾರಿಗಳಲ್ಲಿ ಒಂದನ್ನು ನಮ್ಮ ಮಠಗಳು ಇನ್ನೂ ಸರಿಯಾಗಿ ನೋಡಿಲ್ಲ. ಅದು ಬೇರೆ ದೇಶದ ಯುವಕ ಯುವತಿಯರ ಜೊತೆ ನಮ್ಮ ಮಕ್ಕಳು ಕೆಲವು ದಿನ ಒಟ್ಟಿಗೆ ಇದ್ದು, ಒಟ್ಟಿಗೆ ದುಡಿಯುವುದು. ಇದಕ್ಕೆ ಯುವ ವಿನಿಮಯ ಎಂದು ಹೆಸರು. ಹೆಸರು ಕೇಳಿದ ಕೂಡಲೇ ವಿಮಾನ, ವೀಸಾ, ಲಕ್ಷಗಟ್ಟಲೆ ದುಡ್ಡು ಕಣ್ಣ ಮುಂದೆ ಬರುತ್ತದೆ. ಆದರೆ ಇದರ ಹುಟ್ಟು ಬಡತನದಲ್ಲೇ ಆಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬುವರು ಫ್ರಾನ್ಸಿನ ವೆರ್ದೂನ್ ಬಳಿಯ ಹಾಳುಬಿದ್ದ ಹಳ್ಳಿಯೊಂದಕ್ಕೆ ಬೇರೆ ಬೇರೆ ದೇಶದವರನ್ನು ಕರೆತಂದರು. ನಿನ್ನೆಯ ಶತ್ರು ಜರ್ಮನಿಯವರೂ ಅವರಲ್ಲಿದ್ದರು. ಎಲ್ಲರೂ ಸೇರಿ ಮಾಡಿದ್ದು ಮನೆ ಕಟ್ಟುವ, ಗುಂಡಿ ಮುಚ್ಚುವ ಕೆಲಸ. 1934ರ ಬಿಹಾರ ಭೂಕಂಪದ ನಂತರ ಅವರೇ ನಮ್ಮ ದೇಶಕ್ಕೂ ಬಂದು ಹಳ್ಳಿ ಕಟ್ಟಲು ನಿಂತರು. ಕಾಯಕ ಎಂಬ ಮಾತು ಅವರಿಗೆ ಗೊತ್ತಿತ್ತೋ ಇಲ್ಲವೋ, ಅವರು ಮಾಡಿದ್ದು ಅದನ್ನೇ.

ಇದರಿಂದ ಮನಸ್ಸಿಗೆ ಏನು ಸಿಗುತ್ತದೆ? ಊರಿನಲ್ಲಿ ಹುಡುಗನ ಅಂಕ, ಅಪ್ಪನ ಸಾಲ, ಅಕ್ಕನ ಮದುವೆ ಎಲ್ಲವೂ ಎಲ್ಲರಿಗೂ ಗೊತ್ತು. ಪರಿಚಯವಿಲ್ಲದವರ ಮುಂದೆ ಅವನಿಗೆ ಹಳೆಯ ಹೆಸರಿಲ್ಲ. ಮಡಕೆ ಕಟ್ಟುವುದೋ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದೋ, ಅವನಿಗೆ ಬರುವ ಕೆಲಸವನ್ನು ಬೇರೆಯವರು ಅವನಿಂದ ಕಲಿಯುತ್ತಾರೆ. ತನಗೂ ಒಂದು ಬೆಲೆ ಇದೆ ಎಂಬುದು ಅವನಿಗೆ ಕಾಣುತ್ತದೆ. ರಾತ್ರಿ ಮಾತಿಗೆ ಕುಳಿತಾಗ ಬಂದವರೂ ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ. ನಿದ್ರೆ ಬರದಿರುವುದು, ಯಾರಿಗೂ ಬೇಡವಾದೆ ಅನ್ನಿಸುವುದು ತನ್ನೊಬ್ಬನ ಹಣೆಬರಹವಲ್ಲ ಎಂದು ತಿಳಿದರೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ.

ಇದಕ್ಕೆ ಯೂರೋಪಿಗೇ ಹೋಗಬೇಕಿಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ನಮ್ಮ ಹುಡುಗರು ಬೈಕಿನಲ್ಲಿ ಹೋಗಿ ಜೋಗ್ಚೆನ್ ಮಠದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲಿನ ಒಬ್ಬ ಹುಡುಗನ ಹೆಸರು ಇವರಲ್ಲಿ ಎಷ್ಟು ಜನಕ್ಕೆ ಗೊತ್ತು? ಅಲ್ಲಿ ಹುಟ್ಟಿ ಬೆಳೆದ ಆ ಮಕ್ಕಳಿಗೆ ‘ನಿಮ್ಮೂರು ಯಾವುದು’ ಎಂಬ ಸಾದಾ ಪ್ರಶ್ನೆಯೇ ಕಷ್ಟದ್ದು. ಅಜ್ಜ ಬಿಟ್ಟುಬಂದ ನಾಡನ್ನು ಅವರು ಕಂಡಿಲ್ಲ. ಓದಿದ ಅನೇಕರು ಹೊರದೇಶ ಸೇರುತ್ತಾರೆ, ಮುದುಕರು ಉಳಿಯುತ್ತಾರೆ. ನಮ್ಮ ಹಳ್ಳಿಗಳ ಕಥೆಯೂ ಹಾಗೇ ಅಲ್ಲವೆ, ನಮ್ಮವರು ಹೋಗುವುದು ಬೆಂಗಳೂರಿಗೆ ಅಷ್ಟೆ. ಅಮೆರಿಕದಲ್ಲಿ ಬೆಳೆದ ನಮ್ಮವರ ಮಕ್ಕಳಿಗೂ ಅದೇ ಊರಿನ ಪ್ರಶ್ನೆ ಕಾಡುತ್ತದೆ. ಉತ್ತರ ಅಮೆರಿಕದ ವೀರಶೈವ ಸಮಾಜ 1978ರಿಂದ ಇದೆ. ಆ ಮಕ್ಕಳು ರಜೆಗೆ ಬಂದಾಗ ನಾವು ಪಾದಪೂಜೆಗೆ ಕೂರಿಸುತ್ತೇವೆ, ಶಾಲು ಹೊದಿಸಿ ಕಳಿಸುತ್ತೇವೆ. ನಮ್ಮ ಹಾಸ್ಟೆಲಿನ ಮಕ್ಕಳ ಪಕ್ಕದಲ್ಲಿ ಒಂದು ವಾರ ಮಲಗಲು ಬಿಡುವುದಿಲ್ಲ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಹೊರದೇಶದ ಓದುಗರು ಬಂದು ಸೋಲಿಗರಿಂದ ಕಲಿತು ಹೋಗುತ್ತಾರೆ. ಬೆಟ್ಟದ ಕೆಳಗಿನ ನಮ್ಮ ಕಾಲೇಜು ಮಕ್ಕಳು ಮಾತ್ರ ಅಲ್ಲಿಗೆ ಹೋಗುವುದು ದೇವರ ದರ್ಶನಕ್ಕೆ.

ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದ ಕಲ್ಯಾಣಕ್ಕೆ ಬಂದವರೆಂದು ಹೇಳುತ್ತೇವೆ. ಬಸವಣ್ಣನವರ ಮಹಾಮನೆಯಲ್ಲೇ ಹನ್ನೆರಡು ವರ್ಷ ಇದ್ದರೂ ಅವರನ್ನು ಯಾರೂ ಗುರುತಿಸಲಿಲ್ಲ, ಅಲ್ಲಮರು ಬಂದು ತೋರಿಸಬೇಕಾಯಿತು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಮಹಾಮನೆಯಲ್ಲೇ ಹಾಗಾಯಿತೆಂದರೆ ನಮ್ಮ ಹಾಸ್ಟೆಲಿನ ಮೂಲೆಯಲ್ಲಿ ಕುಳಿತವನು ನಮ್ಮ ಕಣ್ಣಿಗೆ ಬೀಳದಿರುವುದರಲ್ಲಿ ಆಶ್ಚರ್ಯವೇನು?

ಆದ್ದರಿಂದ ಬೇಸಿಗೆ ರಜೆಯಲ್ಲಿ ಹತ್ತು ದಿನದ ಕಮ್ಮಟವೊಂದನ್ನು ನಮ್ಮ ಮಠವೊಂದು ನಡೆಸಲಿ. ಒಡೆಯರಪಾಳ್ಯದವರು, ಪೋಡುಗಳ ಸೋಲಿಗ ಯುವಕರು, ಹೊರನಾಡ ಮಕ್ಕಳು, ನಮ್ಮ ಮೂರು ತಾಲ್ಲೂಕಿನವರು ಬರಲಿ. ಬೆಳಿಗ್ಗೆ ಕೆರೆಯ ಹೂಳು ಎತ್ತುವುದು, ಸಂಜೆ ಮಾತು. ಉಪನ್ಯಾಸ ದಯವಿಟ್ಟು ಬೇಡ. ಅರ್ಧ ಜನ ಹೆಣ್ಣುಮಕ್ಕಳಿರಲಿ, ತಾಯಂದಿರನ್ನು ಒಪ್ಪಿಸುವ ಕೆಲಸ ಅಕ್ಕನ ಬಳಗದ್ದು. ಕಾನೂನೂ ಗೊತ್ತಿರಲಿ: ಟಿಬೆಟನ್ ವಸತಿಯೊಳಗೆ ತಂಗಲು ವಿದೇಶಿ ಪ್ರಜೆಗಳಿಗೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ಆದ್ದರಿಂದ ಕಮ್ಮಟ ಮಠದಲ್ಲೇ ಆಗುವುದು ಸುಲಭ. ಮಠದಲ್ಲಿ ವಿದೇಶಿಯರನ್ನು ಇಳಿಸಿಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು.

ಇದು ಚಿಕಿತ್ಸೆ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು. ತೀವ್ರ ಖಿನ್ನತೆಯಲ್ಲಿರುವ ಮಗುವನ್ನು ‘ಹವಾ ಬದಲಾಗಲಿ’ ಎಂದು ಗೊತ್ತಿಲ್ಲದವರ ನಡುವೆ ಬಿಟ್ಟರೆ ಅದು ಇನ್ನಷ್ಟು ಕುಗ್ಗಬಹುದು. ಅಂಥವರನ್ನು ಮೊದಲು ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಆ ಸಂಖ್ಯೆಯನ್ನು ಪ್ರತಿ ಹಾಸ್ಟೆಲಿನ ಪ್ರಸಾದ ನಿಲಯದ ಗೋಡೆಗೆ ಈ ವಾರವೇ ಬರೆಸಿ. ಕಮ್ಮಟ ಮುಗಿದ ಮೇಲೂ ತಿಂಗಳಿಗೊಮ್ಮೆ ಎಲ್ಲರೂ ಸೇರಲಿ. ಹತ್ತು ದಿನದ ಗೆಳೆತನ ಮುಗಿದು ಮನೆಗೆ ಮರಳಿದಾಗಿನ ಖಾಲಿತನವೇ ಕೆಲವರಿಗೆ ಹೆಚ್ಚು ಕಠಿಣ.

ಜಾಗ ಕೊಡುವ ಮಠದವರು ಪತ್ರಿಕೆಗೆ ಬರೆಯಲಿ. ಹೆಸರು ನೋಂದಾಯಿಸುವ ಹಾಳೆಯಲ್ಲಿ ಜಾತಿಯ ಕಾಲಂ ಇರಬಾರದು, ಅಂಕಪಟ್ಟಿಯನ್ನೂ ಕೇಳಬಾರದು.